ಎರಡನೇ ಸಬ್ ಇಟ್ಟ ಮೇಲೆ ಬೇಸ್ ಮಾಯವಾಯಿತಾ? ಎಲ್ಲಿಂದ ಹುಡುಕಬೇಕು ಅಂತ ನೋಡೋಣ

ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹೋಮ್ ಥಿಯೇಟರಿನಲ್ಲಿ ಒಂದು ಸಬ್ ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ಇದ್ದಾಗ ಎಲ್ಲ ಚೆನ್ನಾಗಿತ್ತು. ಎರಡನೇದು ತಂದು ಜೋಡಿಸಿದ ಮೇಲೆ ಸೋಫಾದಲ್ಲಿ ಕೂತರೆ ಬೇಸೇ ಇಲ್ಲ, ಎದ್ದು ಅಡುಗೆಮನೆ ಬಾಗಿಲ ಹತ್ತಿರ ಹೋದರೆ ಎದೆಗೆ ಬಡಿಯುತ್ತದೆ. "ಎರಡನೇದು ಡಿಫೆಕ್ಟ್ ಪೀಸ್ ಮಾರಾಯ್ರೆ, ವಾಪಸ್ ಕೊಡ್ಲಿಕ್ಕುಂಟು" ಅಂತ ತೀರ್ಮಾನವೂ ಆಗಿರುತ್ತದೆ.

ಸ್ವಲ್ಪ ತಡೆಯಿರಿ. ಆ ಭಾರದ ಪೆಟ್ಟಿಗೆಯನ್ನು ಮತ್ತೆ ಪ್ಯಾಕ್ ಮಾಡಿ ಕೆಳಗಿಳಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಒಂಟಿಯಾಗಿ ಸರಿಯಾಗಿ ಹಾಡುವ ಎರಡು ಸಬ್‌ಗಳು ಒಟ್ಟಿಗೆ ಸೇರಿದಾಗ ಬೇಸ್ ಕಡಿಮೆಯಾದರೆ ಸಾಮಾನ್ಯವಾಗಿ ಹಾಳಾಗಿರುವುದು ಸಬ್ ಅಲ್ಲ. ಎರಡರ ಸದ್ದು ನಿಮ್ಮ ಕಿವಿಗೆ ಬೇರೆ ಬೇರೆ ಹೊತ್ತಿಗೆ ಬಂದು ಒಂದನ್ನೊಂದು ಹೊಡೆದುಹಾಕುತ್ತಿದೆ, ಅಷ್ಟೇ. ಇದಕ್ಕೆ ಸರ್ವಿಸ್ ಸೆಂಟರ್ ಬೇಡ. ಅಳತೆ ಟೇಪು, ಫೋನು, ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮೊದಲು ಒಂದೊಂದೇ

ರಿಸೀವರ್‌ನ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಡಬ್ಬದ) ಮೆನುವಿನಲ್ಲಿ ಟೆಸ್ಟ್ ಟೋನ್ ಇರುತ್ತದೆ. ಸಬ್‌ಗೆ ಆ ಟೋನ್ ಕೊಡಿ. ಒಂದು ಸಬ್‌ನ ಹಿಂದಿನ ಪವರ್ ಸ್ವಿಚ್ ಪೂರ್ತಿ ಆಫ್ ಮಾಡಿ, ಇನ್ನೊಂದನ್ನು ಮಾತ್ರ ಕೇಳಿ. ಆಮೇಲೆ ಅದಲು ಬದಲು. ಕೊನೆಗೆ ಎರಡೂ ಆನ್. ಈ ಮೂರು ಸಲವೂ ನೀವು ದಿನಾ ಕೂರುವ ಜಾಗದಲ್ಲೇ ಕೂತಿರಬೇಕು, ಸಬ್‌ನ ಹತ್ತಿರ ಹೋಗಿ ಬಗ್ಗಿ ಕೇಳಿದರೆ ಏನೂ ಗೊತ್ತಾಗುವುದಿಲ್ಲ.

ಎರಡೂ ಒಂಟಿಯಾಗಿ ಸರಿ, ಒಟ್ಟಿಗೆ ಕಡಿಮೆ ಅಂತಾದರೆ ಸಮಯದ ಸಮಸ್ಯೆ. ಒಂದು ಮಾತ್ರ ಸುಮ್ಮನಿದ್ದರೆ ಕೇಬಲ್, ಕರೆಂಟ್ ಅಥವಾ ಆಟೋ ಸ್ಟ್ಯಾಂಡ್‌ಬೈ (ಸಿಗ್ನಲ್ ಇಲ್ಲದಾಗ ಸಬ್ ತಾನೇ ಮಲಗುವುದು). ಎರಡೂ ಸುಮ್ಮನಿದ್ದರೆ ರಿಸೀವರ್‌ನ ಸೆಟ್ಟಿಂಗ್. ಟೆಸ್ಟ್ ಟೋನ್ ಚೆನ್ನಾಗಿ ಬರುತ್ತದೆ, ಸಿನಿಮಾದಲ್ಲಿ ಮಾತ್ರ ಬೇಸ್ ಇಲ್ಲ ಅಂದರೆ ಟಿವಿಯಿಂದ ಬರುವ ಸಿಗ್ನಲ್ ನೋಡಬೇಕು. ಏನೂ ಹಾಕದೆ ಇದ್ದಾಗಲೂ "ಗುಂಯ್" ಅಂತಿದ್ದರೆ ಅರ್ಥಿಂಗ್ ಕಡೆ ಹೋಗಿ.

ಸದ್ದಿನ ಮಟ್ಟ ಅಳೆಯಲು ಫೋನಿನ ಆ್ಯಪ್ ನಡೆಯುತ್ತದೆ. ಅದರಲ್ಲಿ 'ಎ' ವೆಯ್ಟಿಂಗ್ ಅಂತ ಇದ್ದರೆ 'ಸಿ'ಗೆ ಬದಲಿಸಿ. 'ಎ'ಯಲ್ಲಿ 50 ಹರ್ಟ್ಸ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿಯೇ ತೋರಿಸುತ್ತದೆ, ಸಬ್ ಅಳೆಯಲು ಅದು ಯಾವ ಉಪಯೋಗಕ್ಕೂ ಇಲ್ಲ. ಫೋನಿನ ಮೈಕ್ ಇಷ್ಟು ಕೆಳಗಿನ ಸದ್ದಿಗೆ ಮಾಡಿದ್ದಲ್ಲ, ಹಾಗಾಗಿ ಬರುವ ಅಂಕಿಯನ್ನು ನಂಬಬೇಡಿ. ಬದಲಾವಣೆಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವ ವ್ಯತ್ಯಾಸವನ್ನು ಮಾತ್ರ ನಂಬಿ.

ಇನ್ನೊಂದು ಮಾತು. ನಮ್ಮ ಕಡೆ ಸಬ್ ತಂದ ಕೂಡಲೇ ಯಕ್ಷಗಾನದ ಚೆಂಡೆ ಹಾಕಿ ಕೇಳುವವರು ಜಾಸ್ತಿ. ಕೇಳಿ, ಖುಷಿಪಡಿ, ಆದರೆ ಅದರಿಂದ ಸಬ್ ಪರೀಕ್ಷೆ ಆಗುವುದಿಲ್ಲ. ಚೆಂಡೆಯ ಹೊಡೆತದ ಹೆಚ್ಚಿನ ಪಾಲು ಮುಂದಿನ ಸ್ಪೀಕರ್‌ಗಳಿಂದಲೇ ಬರುವುದು. ಸಬ್ ಕೆಲಸ ಮಾಡುವುದು ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗೆ. ಹಾಗಾಗಿ 30, 40, 50, 60, 80 ಹರ್ಟ್ಸ್‌ನ ಸೈನ್ ಟೋನ್‌ಗಳನ್ನು (ಒಂದೇ ಸ್ವರದ ಸದ್ದು) ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಸಣ್ಣ ದನಿಯಲ್ಲೇ ಹಾಕಿ. ಜೋರಾಗಿ ತುಂಬ ಹೊತ್ತು ಸೈನ್ ಟೋನ್ ಹಾಕಿದರೆ ವಾಯ್ಸ್ ಕಾಯಿಲ್ ಬಿಸಿಯಾಗುತ್ತದೆ.

ಒಟ್ಟಿಗೆ ಹಾಕಿದಾಗ ಕಡಿಮೆ ಆಗುವುದು

ಮಂಗಳೂರಿನ ಬಿಜೈಯಲ್ಲಿ ನನ್ನ ಭಾವನ ಫ್ಲ್ಯಾಟ್ ಉಂಟು. ಹಾಲ್ 18 ಅಡಿ ಉದ್ದ, 12 ಅಡಿ ಅಗಲ. ಒಂದು ಸಬ್ ಟಿವಿ ಪಕ್ಕದಲ್ಲಿ, ಸೋಫಾಕ್ಕೆ 3.4 ಮೀಟರ್. ಇನ್ನೊಂದಕ್ಕೆ ಜಾಗ ಸಿಕ್ಕಿದ್ದು ಸೋಫಾದ ಹಿಂದೆ, ಕಿವಿಯಿಂದ 1.2 ಮೀಟರ್. ವ್ಯತ್ಯಾಸ 2.2 ಮೀಟರ್. ನಮ್ಮ ಊರಿನ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 348 ಮೀಟರ್ ಓಡುತ್ತದೆ ಅಂತಿಟ್ಟುಕೊಂಡರೆ ಹಿಂದಿನ ಸಬ್‌ನ ಸದ್ದು 6.3 ಮಿಲಿಸೆಕೆಂಡ್ ಮೊದಲೇ ಬಂದು ಮುಟ್ಟುತ್ತದೆ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಆದರೆ 80 ಹರ್ಟ್ಸ್‌ನ ಒಂದು ಅಲೆಗೆ ಬೇಕಾಗುವ ಸಮಯವೇ 12.5 ಮಿಲಿಸೆಕೆಂಡ್. ಅಂದರೆ ಸರಿಯಾಗಿ ಅರ್ಧ ಅಲೆ ಹಿಂದೆ ಮುಂದೆ. ಒಂದು ಸಬ್ ಗಾಳಿಯನ್ನು ದೂಡುವ ಹೊತ್ತಿಗೆ ಇನ್ನೊಂದು ಎಳೆಯುತ್ತಿರುತ್ತದೆ. ಉಯ್ಯಾಲೆಯನ್ನು ಎರಡೂ ಬದಿಯಿಂದ ಇಬ್ಬರು ಒಟ್ಟಿಗೆ ದೂಡಿದರೆ ಅದು ನಡುವೆ ನಿಂತುಬಿಡುತ್ತದಲ್ಲ, ಹಾಗೆ.

ತಮಾಷೆ ಏನೆಂದರೆ, ಎರಡೂ ಸಬ್‌ಗಳ ಮಟ್ಟವನ್ನು ಸೋಫಾದಲ್ಲಿ ಸಮ ಮಾಡಿದಷ್ಟೂ ಈ ಹೊಡೆತ ಜೋರಾಗುತ್ತದೆ. ಸಮಬಲ ಇದ್ದರೆ ತಾನೇ ಪೂರ್ತಿ ಅಳಿಸುವುದು! ಭಾವ ಮಾಡಿದ್ದೂ ಅದನ್ನೇ, ಬಹಳ ಶಿಸ್ತಿನಿಂದ ಎರಡನ್ನೂ ಒಂದೇ ಮಟ್ಟಕ್ಕೆ ತಂದಿದ್ದರು.

ಪರೀಕ್ಷೆ ಸುಲಭ. 80 ಹರ್ಟ್ಸ್ ಟೋನ್ ಹಾಕಿ, ಎರಡೂ ಸಬ್ ಆನ್ ಇರಲಿ. ನೀವು ಸೋಫಾದಲ್ಲಿ ಕೂತಿರಿ, ಮನೆಯವರೊಬ್ಬರು ಹಿಂದಿನ ಸಬ್‌ನ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ ಹಾಕಲಿ. ಸದ್ದು ಧಿಡೀರ್ ಏರಿದರೆ ರೋಗ ಸಿಕ್ಕಿತು.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ತುಂಬ ಜನ 180 ಮಾಡಿ, ಆಹಾ ಸರಿಯಾಯಿತು ಅಂತ ಮಲಗಿಬಿಡುತ್ತಾರೆ. ಫೇಸ್ ಸ್ವಿಚ್ ಎಲ್ಲ ಹರ್ಟ್ಸ್‌ನಲ್ಲೂ ಅಲೆಯನ್ನು ತಲೆಕೆಳಗು ಮಾಡುತ್ತದೆ, ಸಮಯದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಅದೇ 6.3 ಮಿಲಿಸೆಕೆಂಡ್ 30 ಹರ್ಟ್ಸ್‌ನಲ್ಲಿ ಬರೀ 68 ಡಿಗ್ರಿ (ಪೂರ್ತಿ ಒಂದು ಅಲೆ ಅಂದರೆ 360). ಅಲ್ಲಿ ಎರಡೂ ಸಬ್ ಮೊದಲಿನಿಂದಲೂ ಸಾಕಷ್ಟು ಒಂದಾಗಿಯೇ ಇದ್ದವು. ಈಗ ಸ್ವಿಚ್ ತಿರುಗಿಸಿದ್ದರಿಂದ, ಗೋಡೆಗಳ ಆಟ ಬಿಟ್ಟು ಲೆಕ್ಕ ಹಾಕಿದರೆ, 30ರ ಹತ್ತಿರ 3 ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿಯೇ ಕಳೆದುಕೊಳ್ಳುತ್ತೀರಿ. ಬಾಗಿಲು ಬಡಿದ ಸದ್ದು ಚೆನ್ನಾಗಿ ಕೇಳುತ್ತದೆ, ಭೂಮಿ ನಡುಗುವ ಸೀನಿನಲ್ಲಿ ಸೋಫಾ ನಡುಗುವುದಿಲ್ಲ.

ಸರಿಯಾದ ಮದ್ದು ಡಿಲೇ. ಹತ್ತಿರದ ಸಬ್‌ಗೆ ಅಷ್ಟು ಮಿಲಿಸೆಕೆಂಡ್ ತಡ ಕೊಟ್ಟರೆ 30, 50, 80 ಎಲ್ಲ ಒಟ್ಟಿಗೆ ಸರಿಯಾಗುತ್ತವೆ. ರಿಸೀವರ್‌ನಲ್ಲಿ ಇದು 'ಡಿಸ್ಟೆನ್ಸ್' ಅನ್ನುವ ಹೆಸರಲ್ಲಿ ಇರುತ್ತದೆ, ಒಂದು ಮಿಲಿಸೆಕೆಂಡ್ ಅಂದರೆ ಹತ್ತಿರ ಹತ್ತಿರ 35 ಸೆಂಟಿಮೀಟರ್. ಇಲ್ಲೊಂದು ಹೊಂಡ ಉಂಟು, ಜಾಗ್ರತೆ. ಡಬ್ಬದ ಮೇಲೆ 7.2 (ಏಳು ಸ್ಪೀಕರ್, ಎರಡು ಸಬ್) ಅಂತ ಬರೆದಿದ್ದರೆ ಎರಡು ಸಬ್‌ಗೂ ಬೇರೆ ಬೇರೆ ಲೆಕ್ಕ ಇದೆ ಅಂತಲ್ಲ. ಎಷ್ಟೋ ರಿಸೀವರ್‌ಗಳಲ್ಲಿ ಹಿಂದಿನ ಎರಡು ತೂತುಗಳೂ ಒಳಗೆ ಒಂದೇ, ಒಂದು ವೈ ಕೇಬಲ್ ಹಾಕಿದ್ದಕ್ಕೂ ಅದಕ್ಕೂ ಫರಕ್ಕಿಲ್ಲ. ಮೆನುವಿನಲ್ಲಿ ಸಬ್ 1, ಸಬ್ 2 ಅಂತ ಬೇರೆ ಬೇರೆ ಡಿಸ್ಟೆನ್ಸ್ ಕಾಣಿಸಿದರೆ ಮಾತ್ರ ನಿಜವಾದ ಎರಡು. ಆಡಿಸ್ಸಿ ಕಂಪನಿಯ 'ಸಬ್ ಇಕ್ಯು ಎಚ್‌ಟಿ' ವ್ಯವಸ್ಥೆ ಇರುವ ರಿಸೀವರ್‌ಗಳು ಎರಡರ ಮಟ್ಟವನ್ನೂ ಡಿಲೇಯನ್ನೂ ಬೇರೆ ಬೇರೆಯಾಗಿ ಹೊಂದಿಸುತ್ತವೆ.

ಬೇರೆ ಬೇರೆ ಡಿಸ್ಟೆನ್ಸ್ ಇಲ್ಲದವರಿಗೆ ಮೂರು ದಾರಿ. ಸಬ್‌ನಲ್ಲಿ 0ಯಿಂದ 180ರ ತನಕ ತಿರುಗುವ ಫೇಸ್ ನಾಬ್ ಇದ್ದರೆ, 80 ಹರ್ಟ್ಸ್ ಟೋನ್ ಹಾಕಿ ಸದ್ದು ಅತಿ ಜಾಸ್ತಿ ಬರುವಲ್ಲಿ ನಿಲ್ಲಿಸಿ, ಆಮೇಲೆ 30 ಮತ್ತು 50ರಲ್ಲೂ ಕೇಳಿ ಸ್ವಲ್ಪ ಹಿಂದೆ ಮುಂದೆ ಮಾಡಿ. ಇಲ್ಲವಾದರೆ ಎರಡೂ ಸಬ್ ಸೋಫಾಕ್ಕೆ ಸರಿಸುಮಾರು ಒಂದೇ ದೂರ ಬರುವ ಹಾಗೆ ಜಾಗ ಬದಲಿಸಿ, ಇದಕ್ಕೆ ಪೈಸೆ ಖರ್ಚಿಲ್ಲ. ಮೂರನೆಯದು ಮಿನಿಡಿಎಸ್‌ಪಿಯಂಥ ಸಣ್ಣ ಡಬ್ಬ, ರಿಸೀವರ್ ಮತ್ತು ಸಬ್‌ಗಳ ನಡುವೆ ಕೂತು ಒಂದೊಂದಕ್ಕೂ ಬೇರೆ ಡಿಲೇ ಕೊಡುತ್ತದೆ. ಅದನ್ನು ಕೊಳ್ಳುವುದಾದರೆ ಅಳತೆಯ ಮೈಕ್ ಕೂಡ ಕೊಳ್ಳಿ, ಕಂಪ್ಯೂಟರಿನಲ್ಲಿ ನಡೆಯುವ ರೂಮ್ ಇಕ್ಯು ವಿಝಾರ್ಡ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಇನ್ನೊಂದು ಸಂಗತಿ. ಆಟೋ ಕ್ಯಾಲಿಬ್ರೇಶನ್ (ರಿಸೀವರ್ ಮೈಕ್‌ನಿಂದ ತಾನೇ ಅಳೆದು ಹೊಂದಿಸುವುದು) ಆದಮೇಲೆ ಸಬ್‌ನ ದೂರ 3.4 ಮೀಟರ್ ಬದಲು 5 ಮೀಟರ್ ಅಂತ ತೋರಿಸಿದರೆ ಗಾಬರಿಯಾಗಿ ಟೇಪ್ ಹಿಡಿದು ತಿದ್ದಬೇಡಿ. ಸಬ್ ಒಳಗಿನ ಡಿಜಿಟಲ್ ಸರ್ಕ್ಯೂಟ್ ಕೂಡ ಸದ್ದನ್ನು ತಡಮಾಡುತ್ತದೆ, ಆ ತಡವನ್ನೂ ಸೇರಿಸಿ ರಿಸೀವರ್ ದೂರ ಲೆಕ್ಕ ಹಾಕಿರುತ್ತದೆ. ಒಂದು ಸಬ್‌ಗೆ ವಯರ್, ಇನ್ನೊಂದಕ್ಕೆ ವಯರ್‌ಲೆಸ್ ಕಿಟ್ ಹಾಕಿದವರಿಗೂ ಇದೇ ಕತೆ. ವಯರ್‌ಲೆಸ್‌ನದ್ದು ತಡವಾಗಿಯೇ ಬರುತ್ತದೆ, ಎರಡೂ ಅಕ್ಕಪಕ್ಕ ಇದ್ದರೂ ಜಗಳ ತಪ್ಪಿದ್ದಲ್ಲ.

ಅಪರೂಪಕ್ಕೆ ಒಂದು ನಿಜವಾದ ದೋಷ ಇಲ್ಲಿ ಸಿಗುತ್ತದೆ. ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಸಬ್‌ನಲ್ಲಿ ಡ್ರೈವರ್‌ನ ಕೆಂಪು ಕಪ್ಪು ವಯರ್ ಅದಲು ಬದಲಾಗಿರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಸೆಟ್ಟಿಂಗ್‌ನಲ್ಲಿ 40 ಹರ್ಟ್ಸ್ ಹಾಕಿ. ಒಂದೇ ಕಂಪನಿಯ ಒಂದೇ ಮಾಡೆಲ್ ಆಗಿದ್ದೂ ಅಕ್ಕಪಕ್ಕ ಇಟ್ಟಾಗ ಸದ್ದು ಸತ್ತುಹೋದರೆ ಒಳಗಿನ ವಯರೇ ಉಲ್ಟಾ. ಎರಡೂ ಸರಿ ಇದ್ದಿದ್ದರೆ ಅಲ್ಲಿ 6 ಡೆಸಿಬೆಲ್ ತನಕ ಏರಬೇಕಿತ್ತು. ಒಂದು ಸೀಲ್ಡ್ (ಪೂರ್ತಿ ಮುಚ್ಚಿದ ಪೆಟ್ಟಿಗೆ), ಒಂದು ಪೋರ್ಟ್ (ಗಾಳಿ ಹೋಗುವ ತೂತು) ಇರುವ ಸಬ್ ಆದರೆ ಈ ಪರೀಕ್ಷೆ ನಂಬಬೇಡಿ. ಪೋರ್ಟ್‌ನ ಟ್ಯೂನಿಂಗ್ ಹತ್ತಿರ ಅವೆರಡರ ಫೇಸ್ ಹೇಗೂ ಬೇರೆಯಾಗಿರುತ್ತದೆ. ಜೋಡಿ ಕೊಳ್ಳುವಾಗ ಒಂದೇ ಮಾಡೆಲ್ ತೆಗೆದುಕೊಳ್ಳಿ ಅನ್ನುವುದು ಅದಕ್ಕೇ.

ಗೋಡೆಯ ಪಾಲು

ಡಿಲೇ ಸರಿ ಮಾಡಿದ ಮೇಲೂ ಒಂದು ಟೋನ್ ಮಾತ್ರ ಸೋಫಾದಲ್ಲಿ ಮಾಯ, ಗೋಡೆ ಪಕ್ಕ ಬೊಬ್ಬೆ ಅಂತಾದರೆ ಅದು ಕೋಣೆಯ ಕೆಲಸ. 18 ಅಡಿ ಅಂದರೆ 5.5 ಮೀಟರ್, ಆ ಉದ್ದಕ್ಕೆ ಸುಮಾರು 32 ಹರ್ಟ್ಸ್‌ನಲ್ಲಿ ಅಲೆ ನಿಂತುಬಿಡುತ್ತದೆ. 12 ಅಡಿ ಅಗಲಕ್ಕೆ 47ರ ಆಸುಪಾಸು. ಹೀಗೆ ನಿಂತ ಅಲೆ ಎರಡು ತುದಿಯಲ್ಲಿ ಅತಿ ಜೋರು, ನಟ್ಟನಡುವೆ ಶೂನ್ಯ. ಸೋಫಾ ಹಾಲಿನ ಸರಿಯಾದ ಮಧ್ಯದಲ್ಲಿದ್ದರೆ ಆ 32 ಹರ್ಟ್ಸ್ ನಿಮಗೆ ಸಿಗುವುದೇ ಇಲ್ಲ, ನಾಬ್ ಎಷ್ಟು ತಿರುಗಿಸಿದರೂ ಅಷ್ಟೇ. ಸೋಫಾವನ್ನು ಒಂದೆರಡು ಅಡಿ ಹಿಂದೆ ಸರಿಸಿ ನೋಡಿ.

ಎರಡು ಸಬ್ ಇಡುವುದರ ಅಸಲು ಲಾಭ ಇಲ್ಲೇ ಇರುವುದು. ಸದ್ದು ಜಾಸ್ತಿ ಆಗುತ್ತದೆ ಅಂತ ಅಲ್ಲ, ಸೋಫಾದ ಈ ತುದಿಯಲ್ಲಿ ಕೂತವರಿಗೂ ಆ ತುದಿಯಲ್ಲಿ ಕೂತವರಿಗೂ ಒಂದೇ ಥರ ಕೇಳಲಿ ಅಂತ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಇದೇ ವಿಷಯದ ಪ್ರಬಂಧ ಮಂಡಿಸಿದ್ದರು. ಉದ್ದ ಚೌಕದ ಕೋಣೆಯಲ್ಲಿ ಎದುರುಬದುರು ಗೋಡೆಗಳ ಮಧ್ಯಕ್ಕೆ ಒಂದೊಂದು ಸಬ್ ಇಡುವುದು ಎರಡು ಸಬ್‌ಗೆ ಒಳ್ಳೆಯ ಜಾಗ ಅನ್ನುವುದು ಅದರಿಂದ ಬಂದ ಬುದ್ಧಿ. ಎರಡು ತುದಿಯಿಂದ ಒಂದೇ ಹೊತ್ತಿಗೆ ದೂಡಿದರೆ ಉದ್ದದ ಆ ಮೊದಲ ಅಲೆ ಏಳುವುದೇ ಇಲ್ಲ.

ನಮ್ಮ ಮನೆಗಳಲ್ಲಿ ಗೋಡೆಯ ಮಧ್ಯಕ್ಕೆ ಬಾಗಿಲೋ ಸಿಟೌಟಿಗೆ ತೆರೆಯುವ ಕಿಟಕಿಯೋ ಇರುತ್ತದೆ, ಅದು ಬೇರೆ ಮಾತು. ಆಗ ಸಬ್ಬನ್ನೇ ಸೋಫಾದ ಮೇಲೆ ಇಟ್ಟು ಬೇಸ್ ಇರುವ ಹಾಡು ಹಾಕಿ, ನೀವು ನೆಲದಲ್ಲಿ ಗೋಡೆ ಪಕ್ಕ ತೆವಳುತ್ತ ಎಲ್ಲಿ ಸಮವಾಗಿ ಕೇಳುತ್ತದೋ ಅಲ್ಲಿ ಗುರುತು ಹಾಕಿ, ಸಬ್ಬನ್ನು ಅಲ್ಲಿಗೆ ಒಯ್ಯಿರಿ. ಮನೆಯವರು ನಗುತ್ತಾರೆ, ನಗಲಿ. ಹೆಂಚಿನ ಮಾಡಿನ ಹಳೇ ಮನೆಯ ಚಾವಡಿಯಲ್ಲಿ ಈ ಕಾಟ ಕಡಿಮೆ. ಮೇಲಿಂದ ಬೇಸ್ ಹೊರಗೆ ಹೋಗುತ್ತದೆ. ಪಕ್ಕದ ಮನೆಯವರಿಗೂ ಹೋಗುತ್ತದೆ ಅನ್ನುವುದು ಅದರ ತೊಂದರೆ. ಸುತ್ತಲೂ ಕಾಂಕ್ರೀಟ್ ಇರುವ ಫ್ಲ್ಯಾಟ್‌ನಲ್ಲಿ ಮಾತ್ರ ಎಲ್ಲ ಒಳಗೇ ಸುತ್ತುತ್ತದೆ.

ನಾಬ್‌ಗಳು, ಮೆನುಗಳು

ಸಬ್ ಹಿಂದಿನ ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಸ್‌ನ ಕೆಳಗಿನ ಸದ್ದು ಸಬ್‌ಗೆ ಅಂತ ಕತ್ತರಿಸುವುದು) ಪೂರ್ತಿ ಮೇಲಕ್ಕೆ ಇರಲಿ, ಅಥವಾ ಕೇಬಲ್ 'ಎಲ್‌ಎಫ್‌ಇ' (ಸಿನಿಮಾದ ಬೇಸ್‌ಗೆಂದೇ ಇರುವ ಚಾನೆಲ್) ಅನ್ನುವ ಇನ್‌ಪುಟ್‌ಗೆ ಹೋಗಲಿ. ಆ ಕೆಲಸ ರಿಸೀವರ್ ಮಾಡುತ್ತದೆ, ಎರಡು ಕಡೆ ಕತ್ತರಿಸಿದರೆ 80ರ ಆಸುಪಾಸಿನಲ್ಲಿ ಹೊಂಡ ಬೀಳುತ್ತದೆ. ರಿಸೀವರ್ ಮೆನುವಿನಲ್ಲಿ ಮುಂದಿನ ಸ್ಪೀಕರ್‌ಗಳು 'ಸ್ಮಾಲ್', ಕ್ರಾಸ್‌ಓವರ್ 80, ಎಲ್‌ಎಫ್‌ಇಯ ಲೋಪಾಸ್ 120. 'ಎಲ್‌ಎಫ್‌ಇ ಪ್ಲಸ್ ಮೇನ್' ಅಂತಿದ್ದರೆ ತೆಗೆಯಿರಿ. ಒಂದೇ ಬೇಸ್ ಸಬ್‌ನಿಂದಲೂ ಮುಂದಿನ ಸ್ಪೀಕರ್‌ನಿಂದಲೂ ಬಂದರೆ ಜಗಳಕ್ಕೆ ಇನ್ನೂ ಇಬ್ಬರು ಸೇರಿದ ಹಾಗಾಯಿತು.

ಕ್ಯಾಲಿಬ್ರೇಶನ್ ಆದಮೇಲೆ ಸಬ್‌ನ ಟ್ರಿಮ್ (ರಿಸೀವರ್ ಒಳಗಿನ ಸಬ್ ಮಟ್ಟ) ಮೈನಸ್ 12ಕ್ಕೆ ಹೋಗಿ ಕೂತಿದ್ದರೆ ಸಬ್‌ಗಳ ವಾಲ್ಯೂಮ್ ನಾಬ್ ಜಾಸ್ತಿಯಾಗಿದೆ ಅಂತ ಅರ್ಥ. ಇನ್ನೂ ಇಳಿಸಲು ರಿಸೀವರ್‌ಗೆ ಜಾಗ ಇಲ್ಲ. ಎರಡು ಸಬ್‌ನ ನಾಬನ್ನೂ ಇಳಿಸಿ ಮತ್ತೆ ಓಡಿಸಿ.

ಸಿನಿಮಾದಲ್ಲಿ ಮಾತ್ರ ಬೇಸ್ ಸಾಲದವರು ಟಿವಿಯ ಆಡಿಯೋ ಔಟ್‌ಪುಟ್ ನೋಡಿ. 'ಪಿಸಿಎಂ' ಅಂತಿದ್ದರೆ ಎಷ್ಟೋ ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ. 5.1 ಸದ್ದನ್ನು ಸ್ಟೀರಿಯೋ ಮಾಡುವಾಗ ಸಾಮಾನ್ಯವಾಗಿ ಎಲ್‌ಎಫ್‌ಇ ಚಾನೆಲ್ ಬಿಟ್ಟೇಹೋಗುತ್ತದೆ. 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್ ಥ್ರೂ' ಮಾಡಿ, ರಿಸೀವರ್ ಪರದೆಯಲ್ಲಿ ಡಾಲ್ಬಿ ಅಂತ ಬರುತ್ತದಾ ನೋಡಿ. ರಾತ್ರಿ ಮಕ್ಕಳು ಮಲಗಿದ್ದಾಗ ಹಾಕಿದ ನೈಟ್ ಮೋಡ್ ಹಾಗೇ ಉಳಿದಿದ್ದರೂ ಇದೇ ಲಕ್ಷಣ.

ಒಂದು ಮಾತ್ರ ಏಳುವುದಿಲ್ಲ

ದೀಪ ಕೆಂಪಗೇ ಇದೆ, ಹಸಿರಾಗುವುದಿಲ್ಲ. ಮೊದಲು ಆಟೋ ಅನ್ನುವ ಸ್ವಿಚ್ಚನ್ನು 'ಆನ್'ಗೆ ಹಾಕಿ. ಎದ್ದರೆ ಸಬ್ ಸರಿ ಇದೆ, ಸಣ್ಣ ದನಿಯಲ್ಲಿ ಬರುವ ಸಿಗ್ನಲ್ ಅದನ್ನು ಎಬ್ಬಿಸಲು ಸಾಲುತ್ತಿಲ್ಲ. ರಿಸೀವರ್‌ನ ಸಬ್ ಟ್ರಿಮ್ ಸ್ವಲ್ಪ ಏರಿಸಿ, ಸಬ್‌ನ ನಾಬ್ ಅಷ್ಟೇ ಇಳಿಸಿ. ಕೇಳುವ ಮಟ್ಟ ಬದಲಾಗುವುದಿಲ್ಲ, ಸಿಗ್ನಲ್ ಮಾತ್ರ ಗಟ್ಟಿಯಾಗುತ್ತದೆ.

ಆನ್ ಮಾಡಿದರೂ ಸುಮ್ಮನಿದ್ದರೆ ಕೇಬಲ್ ಅದಲು ಬದಲು ಮಾಡಿ. ಸುರತ್ಕಲ್, ಮಲ್ಪೆ ಹೀಗೆ ಕಡಲಿಗೆ ಹತ್ತಿರದ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಆರ್‌ಸಿಎ ಪ್ಲಗ್ಗನ್ನು ಎಳೆದು ನೋಡಬೇಕು. ಹೊರಗಿನ ರಿಂಗ್ ಮಂಕಾಗಿ, ಒಳಗಿನ ಪಿನ್‌ನ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ, ಬೆರಳಿಗೆ ಅಂಟುತ್ತದೆ. ಉಪ್ಪಿನ ಗಾಳಿಯ ಕೆಲಸ. ಪ್ಲಗ್ಗನ್ನು ತಿರುಗಿಸಿದಾಗ ಸದ್ದು ಬಂದು ಹೋಗುತ್ತಿದ್ದರೆ ಇದೇ. ಕರೆಂಟ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ. ಪಿನ್ ತಿಂದುಹೋಗಿದ್ದರೆ ಕೇಬಲ್ ಬದಲಿಸಿ, ಅದರಲ್ಲಿ ಉಳಿತಾಯ ಮಾಡಬೇಡಿ.

ದೀಪವೇ ಇಲ್ಲದಿದ್ದರೆ ಪವರ್ ಕಾರ್ಡ್ ಚುಚ್ಚುವಲ್ಲಿ ಫ್ಯೂಸ್ ಇರುತ್ತದೆ. ಅದೇ ಅಳತೆಯದ್ದು ಒಂದು ಸಲ ಹಾಕಿ ನೋಡಿ. ಮತ್ತೆ ಹೋದರೆ ದೊಡ್ಡದು ಹಾಕುವ ಸಾಹಸ ಬೇಡ, ಒಳಗಿನ ಆಂಪ್ಲಿಫೈಯರ್ ಹೋಗಿದೆ. ಹಳೇ ಸಬ್ ಒಡೆದ ದನಿಯಲ್ಲಿ ಕಿರುಗುಟ್ಟಿದರೆ ಗ್ರಿಲ್ ತೆಗೆದು ಕೋನ್‌ನ ಸುತ್ತಲಿನ ಅಂಚನ್ನು ಮೆಲ್ಲ ಮುಟ್ಟಿ. ಸ್ಪಂಜಿನ ಅಂಚು ನಮ್ಮ ಹವೆಯಲ್ಲಿ ಪುಡಿಪುಡಿಯಾಗುತ್ತದೆ, ರಬ್ಬರ್ ಬಾಳುತ್ತದೆ.

ಗುಂಯ್ ಅನ್ನುವ ಸದ್ದು

ಎರಡನೇ ಸಬ್ ಬೇರೆ ಗೋಡೆಯ ಪ್ಲಗ್‌ಗೆ ಹೋಗುವುದರಿಂದ ಈ ಕಾಟ ಹೊಸದಾಗಿ ಹುಟ್ಟುತ್ತದೆ. ರಿಸೀವರ್‌ನಿಂದ ಬರುವ ಆರ್‌ಸಿಎ ಕೇಬಲ್ ತೆಗೆಯಿರಿ. ಸದ್ದು ನಿಂತರೆ ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯ ಅರ್ಥ್ ಕೇಬಲ್ ಮೂಲಕ ಸುತ್ತು ಹಾಕಿಕೊಂಡಿದೆ. ಆಮೇಲೆ ಡಿಶ್ ಅಥವಾ ಕೇಬಲ್ ಟಿವಿಯ ವಯರನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಕಳಚಿ ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಎರಡೂ ಸಬ್ ಮತ್ತು ರಿಸೀವರ್ ಒಂದೇ ಪ್ಲಗ್ ಪಾಯಿಂಟಿನಿಂದ ಕರೆಂಟ್ ತೆಗೆದುಕೊಳ್ಳುವ ಹಾಗೆ ಮಾಡಿ. ಮೂರು ಪಿನ್‌ನ ಅರ್ಥ್ ಪಿನ್ ಕತ್ತರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ, ಸದ್ದು ಹೋಗುತ್ತದೆ ನಿಜ, ಒಂದು ದಿನ ಜೀವವೂ ಹೋಗಬಹುದು.

ಮಾರ್ಚ್‌ನಿಂದ ಮೇ ತನಕ ಮಾತ್ರ ಗುಂಯ್‌ಗುಟ್ಟಿ, ಮಳೆ ಹಿಡಿದ ಮೇಲೆ ತಾನಾಗಿ ನಿಲ್ಲುತ್ತದೆ ಅಂತಾದರೆ ಅರ್ಥಿಂಗ್ ಗುಂಡಿಯ ಮೇಲೆ ಸಂಶಯ ಪಡಿ. ಮುರಕಲ್ಲಿನ ನೆಲ ಒಣಗಿದರೆ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ. ಗುಂಡಿಗೆ ನೀರು ಹೊಯ್ದು ನೋಡಿ, ಎಲೆಕ್ಟ್ರಿಶಿಯನ್ ಹತ್ತಿರ ಒಮ್ಮೆ ಅಳತೆ ಮಾಡಿಸಿ. ಕರೆಂಟ್ ಹೋಗಿ ಇನ್ವರ್ಟರ್‌ನಲ್ಲಿ ಓಡುವಾಗ ಮಾತ್ರ ಸದ್ದು ಬಂದರೆ ಸಬ್‌ನ ತಪ್ಪಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳಲ್ಲಿ ಇದು ಮಾಮೂಲು.

ಇಷ್ಟಾದ ಮೇಲೂ

ಒಂದರ ಕೇಬಲ್, ಪ್ಲಗ್ ಪಾಯಿಂಟ್, ಜಾಗ ಮೂರನ್ನೂ ಇನ್ನೊಂದಕ್ಕೆ ಕೊಟ್ಟು ಅದಲು ಬದಲು ಮಾಡಿ. ತೊಂದರೆ ಜಾಗದಲ್ಲೇ ಉಳಿದರೆ ಕೋಣೆಯದ್ದು ಅಥವಾ ವಯರಿಂಗ್‌ನದ್ದು. ಪೆಟ್ಟಿಗೆಯ ಹಿಂದೆಯೇ ಹೋದರೆ ಪೆಟ್ಟಿಗೆ ಹಾಳು. ಆಗ ವಾರಂಟಿಗೆ ಒಯ್ಯಿರಿ, "ಬೇಸ್ ಕಡಿಮೆ" ಅಂತ ಮಾತ್ರ ಬರೆಸಬೇಡಿ, ಅವರು ಅಂಗಡಿಯಲ್ಲಿ ಆನ್ ಮಾಡಿ "ಬರ್ತದಲ್ಲ" ಅಂತ ವಾಪಸ್ ಕಳಿಸುತ್ತಾರೆ. ಯಾವ ಟೋನ್‌ಗೆ ಏನಾಯಿತು, ಕೇಬಲ್ ಬದಲಿಸಿ ನೋಡಿದ್ದು, ಇನ್ನೊಂದು ಸಬ್ ಅದೇ ಜಾಗದಲ್ಲಿ ಸರಿಯಿದ್ದದ್ದು, ಇಷ್ಟನ್ನು ಬರೆದು ಬಿಲ್ ಜೊತೆ ಕೊಡಿ. ಎರಡೂ ಸಬ್ ಅಕ್ಕಪಕ್ಕ ಇಟ್ಟು ತೆಗೆದ ಚಿಕ್ಕ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.